ಎರಡು ಕಂಪ್ಯೂಟರ್ ನಡುವೆ ಲ್ಯಾನ್ ಕೇಬಲ್: ‘ಕ್ರಾಸ್‌ಓವರ್’ ಇಲ್ಲದೆ ಆಗುವುದೇ ಇಲ್ಲವೇ?

ಮುತ್ತತ್ತಿಗೆ ಹೋದಾಗ ಕಾವೇರಿ ದಂಡೆಯಲ್ಲಿ ತೆಗೆದ ವಿಡಿಯೊಗಳೆಲ್ಲ ಹಳೇ ಕಂಪ್ಯೂಟರ್‌ನಲ್ಲಿವೆ. ಅದರ ಹಾರ್ಡ್‌ಡಿಸ್ಕ್ ಕೈಕೊಡುವ ಮೊದಲು ಹೊಸ ಲ್ಯಾಪ್‌ಟಾಪ್‌ಗೆ ಹಾಕಬೇಕು. ಇಂಟರ್ನೆಟ್ ಬೇಕಿಲ್ಲ, ಲ್ಯಾನ್ ಕೇಬಲ್ ಸಾಕು. ಆದರೆ ‘ಕ್ರಾಸ್‌ಓವರ್ ಕೇಬಲ್ಲೇ ಆಗಬೇಕು’ ಎನ್ನುವವರು ಈಗಲೂ ಇದ್ದಾರೆ.

ಒಂದು ಕಾಲಕ್ಕೆ ಅದು ನಿಜ. ಹಳೇ 10/100 ಪೋರ್ಟ್‌ಗಳಲ್ಲಿ ಕಳಿಸುವ ತಂತಿ ಎದುರಿನ ಕಳಿಸುವ ತಂತಿಗೇ ಸೇರುತ್ತಿತ್ತು. ಅದಲುಬದಲು ಮಾಡಲು ಕ್ರಾಸ್‌ಓವರ್ ಬೇಕಿತ್ತು. ಈಗಿನ ಗಿಗಾಬಿಟ್ ಪೋರ್ಟ್‌ಗಳು ತಾವೇ ಸರಿಮಾಡಿಕೊಳ್ಳುತ್ತವೆ. ಎರಡರಲ್ಲಿ ಒಂದು ಹೊಸದಿದ್ದರೂ ಸಾಮಾನ್ಯವಾಗಿ ಸಾಕು.

ಪೋರ್ಟ್‌ನ ದೀಪ ನೋಡಿ. ಉರಿಯದಿದ್ದರೆ ಕೇಬಲ್ ಬದಲಿಸಿ. ಉರಿಯುತ್ತಿದ್ದರೂ ಕಂಪ್ಯೂಟರ್ ಕಾಣದಿದ್ದರೆ, ಐಪಿ ವಿಳಾಸ ನೀವೇ ಕೊಡಿ. ನಡುವೆ ರೌಟರ್ ಇಲ್ಲವಲ್ಲ! ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0, ಗೇಟ್‌ವೇ ಖಾಲಿ ಬಿಡಿ.

ಹೆಚ್ಚಿನವರು ಸಿಕ್ಕಿಬೀಳುವುದು ಮುಂದಿನ ಹಂತದಲ್ಲಿ. ವಿಂಡೋಸ್ ಇಂಥ ಸಂಪರ್ಕವನ್ನು ಸಾಮಾನ್ಯವಾಗಿ ‘ಪಬ್ಲಿಕ್’ ಎಂದುಕೊಂಡು ಫೈಲ್ ಶೇರಿಂಗ್ ತಡೆಯುತ್ತದೆ. ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಶೇರಿಂಗ್ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಎರಡೂ ತುದಿಯಲ್ಲಿ ಪೆನ್‌ಡ್ರೈವ್‌ನಂಥ ಚಪ್ಪಟೆ ಪಿನ್ ಇರುವ ಮಾಮೂಲಿ ಯುಎಸ್‌ಬಿ ಕೇಬಲ್ ಮಾತ್ರ ಸಿಕ್ಕಿಸಬೇಡಿ. ಎರಡೂ ಕಡೆಯ 5 ವೋಲ್ಟ್ ಎದುರುಬದುರಾಗಿ ಪೋರ್ಟ್ ಹಾಳಾಗಬಹುದು.