ಪುಡಿಯ ಕಣಗಾತ್ರವೂ ಪ್ಲಾಸ್ಮಾ ಲೋಹಲೇಪನವೂ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಲುಕಿ ನಿಲ್ಲುವ ಘಟಪ್ರಭೆಯು ಮುಂದೆ ಗೋಕಾಕದ ಬಳಿ ಸುಮಾರು 52 ಮೀಟರು ಆಳಕ್ಕೆ ಧುಮುಕುತ್ತದೆ. ಅದರ ಎಡದಂಡೆಯ ಕಾಲುವೆಯು ಮೂಡಲಗಿಯ ಕಡೆಯ ಹೊಲಗಳಿಗೆ ನೀರುಣಿಸುತ್ತದೆ. ಧುಮುಕುವ ನೀರಿನ ಬಲದಿಂದ 1887ರಲ್ಲಿಯೇ ಇಲ್ಲಿ ನೂಲಿನ ಗಿರಣಿಯು ನಡೆಯತೊಡಗಿತೆಂದು ನಾವು ಇತಿಹಾಸದ ತರಗತಿಗಳಲ್ಲಿ ಹೇಳುತ್ತೇವೆ. ನೀರಿನೊಡನೆ ಬರುವ ಮರಳಿನ ಕಥೆಯನ್ನು ಮಾತ್ರ ಹೇಳುವುದಿಲ್ಲ. ಮರಳಿನಲ್ಲಿರುವ ಕ್ವಾರ್ಟ್ಸ್ ಮೋಸ್ ಕಾಠಿನ್ಯಮಾನದಲ್ಲಿ 7ನೆಯ ಸ್ಥಾನದ್ದು, ಸಾಮಾನ್ಯ ಉಕ್ಕಿಗಿಂತ ಗಟ್ಟಿಯಾದುದು. ಮಳೆಗಾಲದ ಕೆನ್ನೀರು ಟರ್ಬೈನಿನ ಅಲಗನ್ನೂ ಪಂಪಿನ ಚಕ್ರವನ್ನೂ ತೇಯಬಲ್ಲುದು ಇದರಿಂದಲೇ.

ಸವೆದ ಭಾಗವನ್ನು ಎಸೆಯದೆ ಅದರ ಮೇಲೆ ಹೊಸ ಲೋಹವನ್ನು ಸಿಂಪಡಿಸುವ ವಿದ್ಯೆಯೊಂದುಂಟು. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪನು 20ನೆಯ ಶತಮಾನದ ಆದಿಯಲ್ಲಿ ಇದನ್ನು ರೂಢಿಗೆ ತಂದನು. ಪ್ಲಾಸ್ಮಾ ವಿಧಾನವು 1950ರ ದಶಕದ ಕೊನೆಯ ಹೊತ್ತಿಗೆ ಬಂದಿತು. ಆರ್ಗಾನ್ ಮೊದಲಾದ ಅನಿಲವನ್ನು ವಿದ್ಯುತ್ ಚಾಪದ ಮೂಲಕ ಹಾಯಿಸಿದರೆ 10,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಉರಿಧಾರೆಯು ಹೊಮ್ಮುತ್ತದೆ. ಅದರೊಳಕ್ಕೆ ಊದಿದ ಲೋಹದ ಪುಡಿಯು ಸೆಕೆಂಡಿನ ಸಾವಿರದ ಒಂದೆರಡು ಭಾಗಗಳಷ್ಟು ಕಾಲದಲ್ಲಿ ಕರಗಿ, ಮೇಲ್ಮೈಗೆ ಬಡಿದು, ಚಪ್ಪಟೆಯಾಗಿ ಹೆಪ್ಪುಗಟ್ಟುತ್ತದೆ. ಇಂಥ ತೆಳು ಬಿಲ್ಲೆಗಳು ಒಂದರ ಮೇಲೊಂದು ಕುಳಿತು ಲೇಪನವಾಗುತ್ತದೆ.

ಇಲ್ಲಿ ಕಣದ ಗಾತ್ರವೇ ನಿರ್ಣಾಯಕವಾದುದು. ವ್ಯಾಸವು ಇಮ್ಮಡಿಯಾದರೆ ಶಾಖವನ್ನು ಹೀರುವ ಮೈ ನಾಲ್ಕರಷ್ಟಾಗುತ್ತದೆ. ಕಾಯಬೇಕಾದ ತೂಕವಾದರೋ ಎಂಟರಷ್ಟು. ಆದುದರಿಂದ ದೊಡ್ಡ ಕಣದ ಒಡಲು ಕರಗದೆ ಉಳಿದು, ಮೇಲ್ಮೈಯಿಂದ ಪುಟಿದುಹೋಗುತ್ತದೆ, ಇಲ್ಲವೆ ಸುತ್ತಲೂ ರಂಧ್ರಗಳನ್ನು ಉಳಿಸಿ ಹುದುಗಿಕೊಳ್ಳುತ್ತದೆ. ರಂಧ್ರಗಳು ಅಡಿಯವರೆಗೆ ಕೂಡಿಕೊಂಡಿದ್ದರೆ ನೀರು ಇಳಿದು ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಲೇಪನವೇ ಎದ್ದುಬರುವುದೂ ಉಂಟು.

ಹಾಗಾದರೆ ಪುಡಿ ನುಣ್ಣಗಾದಷ್ಟೂ ಒಳ್ಳೆಯದೇ? ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೀಗೆಯೇ ಊಹಿಸುತ್ತಾರೆ. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ನುಣುಪಾದ ಪುಡಿಯು ಸಾಂದ್ರವಾದ, ನಯವಾದ ಲೇಪನವನ್ನು ಕೊಡುವುದು ನಿಜ. ಆದರೆ ಅದು ಮಿತಿಮೀರಿದರೆ ಕಣಗಳು ಒಂದಕ್ಕೊಂದು ಅಂಟಿ ಕೊಳವೆಯಲ್ಲಿ ಸರಿಯಾಗಿ ಹರಿಯವು; ಹಗುರವಾದುದರಿಂದ ಉರಿಧಾರೆಯ ನಡುವಿಗೆ ನುಗ್ಗಲಾರವು; ನುಗ್ಗಿದವೂ ಆವಿಯಾಗುತ್ತವೆ, ಇಲ್ಲವೆ ಗಾಳಿಯ ಆಮ್ಲಜನಕದೊಡನೆ ಕೂಡಿ ಆಕ್ಸೈಡಾಗುತ್ತವೆ. ಹಂಚಿನಲ್ಲಿ ಜೋಳ ಹುರಿಯುವ ಗೃಹಿಣಿ ಇದನ್ನು ಬಲ್ಲಳು: ನುಚ್ಚು ಸೀಯುತ್ತದೆ, ಇಡಿ ಕಾಳು ಹಸಿಯಾಗಿಯೇ ಇರುತ್ತದೆ. ಆದುದರಿಂದ ಸರಾಸರಿ ಗಾತ್ರಕ್ಕಿಂತ ಕಣಗಳು ಒಂದೇ ಅಳತೆಗೆ ಸಮೀಪವಾಗಿರುವುದು ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ. ಬಳಕೆಯಲ್ಲಿರುವ ಪುಡಿಗಳು ಸಾಮಾನ್ಯವಾಗಿ 10ರಿಂದ 100 ಮೈಕ್ರಾನಿನೊಳಗಿನವು. ಆದರೆ ಈ ವ್ಯಾಪ್ತಿಯೆಲ್ಲವನ್ನೂ ಒಂದೇ ಡಬ್ಬಿಯಲ್ಲಿ ಬೆರೆಸುವುದಿಲ್ಲ, ಜರಡಿ ಹಿಡಿದು ವಿಂಗಡಿಸುತ್ತಾರೆ. ಕಣಗಳು ದುಂಡಗಿದ್ದರೆ ಸರಾಗವಾಗಿ ಹರಿಯುತ್ತವೆ.

ಒರಟು ಪುಡಿಗೂ ಸ್ಥಾನವಿದೆ. ಮೇಲಿನ ಇನ್ನೊಂದು ಪದರವು ಕಚ್ಚಿ ಹಿಡಿಯಬೇಕಾದಲ್ಲಿ ತರಿತರಿಯಾದ ತಳಪದರವನ್ನು ಬೇಕೆಂದೇ ಹಾಕುತ್ತಾರೆ. ಮರಳಿನ ಸವೆತವು ಬಹಳ ತೀವ್ರವಾದೆಡೆಯಲ್ಲಿ ಬರಿಯ ಲೋಹವು ಸಾಲದು. ಅಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಬೆರೆತ ಪುಡಿಯನ್ನು ಅತಿವೇಗದ ಜ್ವಾಲೆಯಿಂದ ಸಿಂಪಡಿಸುವುದುಂಟು. ಸವೆದ ದಂಡವೊಂದನ್ನು ಲೇಪನಕ್ಕೆ ಕಳುಹಿಸುವವರು ಲೋಹದ ಹೆಸರನ್ನಷ್ಟೇ ಅಲ್ಲದೆ ಪುಡಿಯ ಕನಿಷ್ಠ, ಗರಿಷ್ಠ ಗಾತ್ರಗಳನ್ನೂ ಕೇಳಿ ಬರೆದುಕೊಳ್ಳಬೇಕು.