ಮನೆಯಲ್ಲಿ ಕಡಲು: ಅಕ್ವೇರಿಯಂ ಕೊಳ್ಳುವ ಮುನ್ನ

ಕೊಗನೊಳ್ಳಿಗೆ ಕಡಲು ದೂರ, ಘಟ್ಟದ ಆಚೆ. ಆದರೂ ಹೊಸ ಮನೆ ಕಟ್ಟಿಸಿದವರಿಗೆ ಪಡಸಾಲೆಯಲ್ಲಿ ಕಡಲಿನ ಬಣ್ಣದ ಮೀನು ಇರಲಿ ಎಂಬ ಆಸೆ ಬಂದರೆ ತಪ್ಪೇನಿಲ್ಲ. ಮೀನಿನ ಆರೋಗ್ಯದ ಬಗ್ಗೆ ಅಂಗಡಿಯವರು ಬೇಕಾದಷ್ಟು ಹೇಳಿಕೊಡುತ್ತಾರೆ. ಮನೆಯವರ ಆರೋಗ್ಯದ ಬಗ್ಗೆ ಹೇಳುವವರು ಕಡಿಮೆ.

ಮೊದಲನೆಯದಾಗಿ, ಹವಳ ಬೇಡ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಯೂ ಅದರಲ್ಲೇ ಇದೆ. ಗುಂಡಿಯಂತೆ ಕಾಣುವ ಕೆಲವು ಮೆದು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಅವು ಅಂಟಿರುವ ಕಲ್ಲನ್ನು ಕುದಿಸಿದರೆ, ಬಿಸಿನೀರು ಹಾಕಿ ಉಜ್ಜಿದರೆ ವಿಷ ಹಬೆಯೊಡನೆ ಉಸಿರಿಗೆ ಸೇರಿ ಜ್ವರ, ಉಬ್ಬಸ ತರಬಲ್ಲದು. 2018ರಲ್ಲಿ ಇಂಗ್ಲೆಂಡಿನ ಸ್ಟೀವೆಂಟನ್ ಎಂಬ ಊರಿನಲ್ಲಿ ಅಕ್ವೇರಿಯಂನ ಹವಳ ತೆಗೆಯಲು ಹೋಗಿ ಮನೆಮಂದಿಯೂ, ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಿದರು. ಹ್ಯಾಚರಿಯಲ್ಲಿ ಬೆಳೆದ ಕ್ಲೌನ್ ಮೀನು ಒಂದು ಜೋಡಿ ಸಾಕು. ಅದನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಇನ್ನು ಜಾಗ. 200 ಲೀಟರಿನ ತೊಟ್ಟಿ ನೀರು, ಮರಳು, ಕಲ್ಲು, ಸ್ಟ್ಯಾಂಡು ಸೇರಿ ಹತ್ತಿರ ಹತ್ತಿರ ಮೂರು ಕ್ವಿಂಟಲ್ ತೂಗುತ್ತದೆ. ಹಳೆಯ ಅಟ್ಟ, ಗೋಡೆಯ ಹಲಗೆ ಇದನ್ನು ತಾಳುವುದಿಲ್ಲ. ಚಿಕ್ಕ ಮಕ್ಕಳು ಹಿಡಿದು ಜಗ್ಗಿದರೂ ಅಲುಗದಂತೆ ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಈ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಪ್ಲಗ್ಗು ತೊಟ್ಟಿಯ ಕೆಳಗೆ ಬೇಡ, ಪಕ್ಕದಲ್ಲಿರಲಿ. ತಂತಿ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಿದರೆ ಹನಿ ಅಲ್ಲಿಂದಲೇ ನೆಲಕ್ಕೆ ಬೀಳುತ್ತದೆ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಿಚ್ಚು ಆರಿಸದೆ ಕೈ ಹಾಕಬೇಡಿ.

ನಿಪ್ಪಾಣಿ ಭಾಗದವರು ವಿಶೇಷವಾಗಿ ನೆನಪಿಡಬೇಕಾದದ್ದು ತಂಬಾಕು. ನಿಕೋಟಿನ್ ನೀರಿನಲ್ಲಿ ಕರಗುವ ವಿಷ. ಬೀಡಿ ಕಟ್ಟುವ ಪಡಸಾಲೆ ತೊಟ್ಟಿಗೆ ತಕ್ಕ ಸ್ಥಳವಲ್ಲ. ಅದರ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ ಎಂಬುದು ಬೇರೆ ಮಾತು.

ಎಲ್ಲಕ್ಕಿಂತ ಹೆಚ್ಚಾಗಿ ತೊಟ್ಟಿಗೆ ಇಳಿಸುವ ಕೈಯ ಮೇಲೆ ಗಮನವಿರಲಿ. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ‘ಮೈಕೊಬ್ಯಾಕ್ಟೀರಿಯಂ ಮರೈನಮ್’ ಮೊದಲು ಪತ್ತೆಯಾದದ್ದು 1926ರಲ್ಲಿ, ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಕಡಲಮೀನುಗಳಲ್ಲಿ. ಸಿಹಿನೀರಿನ ತೊಟ್ಟಿಯಲ್ಲೂ ಇದು ಇರಬಹುದು. ಕಬ್ಬಿನ ರವದಿ ಗೀರಿದ ಕೈಯನ್ನು ನೀರಿಗಿಳಿಸಿದರೆ ಆ ಗೀರೇ ಇದಕ್ಕೆ ಬಾಗಿಲು. ಎರಡು ಮೂರು ವಾರಗಳ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ, ಬೆರಳಿನ ಮೇಲೆ ಕೆಂಪು ಗಂಟು ಏಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಯಾರೂ ಲೆಕ್ಕಿಸುವುದಿಲ್ಲ. ಮುಂದೆ ಅದು ಹುಣ್ಣಾಗಿ, ತೋಳಿನುದ್ದಕ್ಕೂ ಗಂಟುಗಳ ಸಾಲೇ ಮೂಡಬಹುದು. ಮೊಣಕೈವರೆಗಿನ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದೊಡನೆ ಸೋಪು ಹಚ್ಚಿ ತೊಳೆಯಿರಿ. ಪೈಪನ್ನು ಬಾಯಿಂದ ಎಳೆಯಬೇಡಿ, ಫಿಲ್ಟರನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ಸ್ಟಿರಾಯ್ಡ್ ಸೇವಿಸುವವರು, ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಗಂಟು ವಾಸಿಯಾಗದಿದ್ದರೆ ವೈದ್ಯರಿಗೆ “ಮನೆಯಲ್ಲಿ ಅಕ್ವೇರಿಯಂ ಇದೆ” ಎಂದು ನೀವಾಗಿಯೇ ಹೇಳಿ. ಈ ರೋಗಾಣು ಸುಮಾರು 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಪ್ರಯೋಗಾಲಯದ ಎಂದಿನ 37 ಡಿಗ್ರಿಯಲ್ಲಿ ಕಣ್ಣುತಪ್ಪಿ ಹೋಗಬಹುದು. ಚಿಕಿತ್ಸೆ ಇದೆ, ಆದರೆ ಹಲವು ತಿಂಗಳು ಮಾತ್ರೆ ನುಂಗಬೇಕಾಗುತ್ತದೆ.