ಮೈನಾರಿಟಿ: ಒಂದು ಪದ, ಎರಡು ಅರ್ಥ

ಶಾಲೆಯಲ್ಲೂ ನ್ಯಾಯಾಲಯದಲ್ಲೂ ಕೇಳಿಬರುವ ‘ಮೈನಾರಿಟಿ’ ಎಂಬ ಇಂಗ್ಲಿಷ್ ಪದಕ್ಕೆ ಕಾನೂನಿನಲ್ಲಿ ಮುಖ್ಯವಾಗಿ ಎರಡು ಅರ್ಥಗಳಿವೆ.

ಒಂದು, ಅಪ್ರಾಪ್ತ ವಯಸ್ಸು. ಸಾಮಾನ್ಯವಾಗಿ ಇದು 18 ವರ್ಷ ತುಂಬಿದೊಡನೆ ಮುಗಿಯುತ್ತದೆ. ಅಲ್ಲಿಯವರೆಗೆ ಮಗುವಿನ ಪರವಾಗಿ ಪಾಲಕರೇ ನಿರ್ಧರಿಸುತ್ತಾರೆ.

ಇನ್ನೊಂದು, ಅಲ್ಪಸಂಖ್ಯಾತ ಸಮುದಾಯ. ಇದಕ್ಕೆ ವಯಸ್ಸು ಅಳತೆಯಲ್ಲ, ರಾಜ್ಯದ ಗಡಿಯೇ ಅಳತೆ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯ ಕನ್ನಡಿಗರು ಮನೆ ಬದಲಿಸದೆಯೇ ರಾಜ್ಯದ ಬಹುಸಂಖ್ಯಾತರಾದರು. ಇಂದಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಕನ್ನಡವನ್ನಾಡುತ್ತ ಬಂದ ದೇವಾಂಗ ನೇಕಾರರೇ ಮೊದಲಾದವರು ಅಲ್ಪಸಂಖ್ಯಾತರಾಗಿಯೇ ಉಳಿದರು.

‘ಅಲ್ಪ’ವೆಂಬುದು ಸಂಖ್ಯೆಗೆ ಮಾತ್ರ ಸಲ್ಲುವ ಮಾತು, ಹಕ್ಕಿಗಲ್ಲ. ಸಂವಿಧಾನದ 29ನೆಯ ವಿಧಿಯು ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕನ್ನೂ, 30ನೆಯ ವಿಧಿಯು ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನೂ ನೀಡಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ.

ಇಲ್ಲಿಯ ಕನ್ನಡದ ಮಗು ಎರಡೂ ಅರ್ಥಗಳಲ್ಲಿ ‘ಮೈನಾರಿಟಿ’. ಪ್ರಾಥಮಿಕ ಹಂತದ ಬೋಧನಾ ಮಾಧ್ಯಮದ ಆಯ್ಕೆ ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಸಮುದಾಯದ ಹಕ್ಕು ಕಡೆಗೆ ನಿಂತಿರುವುದು ತಂದೆತಾಯಿಯರ ಸಹಿಯ ಮೇಲೆ. ಶಾಲೆಯ ಅರ್ಜಿಯಲ್ಲಿ, ಜನಗಣತಿಯಲ್ಲಿ ಮಾತೃಭಾಷೆ ‘ಕನ್ನಡ’ವೆಂದು ಬರೆಯಿಸುವುದು ಸಣ್ಣ ಕೆಲಸವಲ್ಲ. ಎಣಿಕೆಗೇ ಸಿಗದವರನ್ನು ಅಲ್ಪಸಂಖ್ಯಾತರೆಂದು ಗುರುತಿಸುವವರಾರು?